ಇಂಜಿನ್ನಿನ ಕ್ಲಿಯರೆನ್ಸ್‌ಗೆ ‘ಸಂದು’, ಟ್ಯೂನಿಂಗ್‌ಗೆ ‘ಹದ’: ಸರಿಯಾಗುತ್ತಾ?

ಗೆಳೆಯರೇ,

ಹಳೇ ಷೆವ್ರೊಲೆ 350 ವಿ8 ಇಂಜಿನ್ನನ್ನು ಮನೆಯಲ್ಲೇ ಬಿಚ್ಚಿ ಕಟ್ಟುವುದರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿದ್ದು ಹಳೇ ಕಾರಿನ ಹುಚ್ಚು ಹಿಡಿಸಿಕೊಂಡಿರುವ ನಮ್ಮವರಿಗಾಗಿ. 1967ರ ಷೆವ್ರೊಲೆ ಕಮಾರೋ ಕಾರಿನಲ್ಲಿ ಮೊದಲು ಬಂದ ಇಂಜಿನ್ ಇದು.

ಭಾಗಗಳ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಪಿಸ್ಟನ್, ರಿಂಗ್, ಕ್ರ್ಯಾಂಕ್ ಹಾಗೇ ಇರಲಿ. ಕೆಲಸದ ಮಾತುಗಳನ್ನೂ ನಮ್ಮ ಗ್ಯಾರೇಜಿನವರು ಆಗಲೇ ಕೊಟ್ಟಿದ್ದಾರೆ: ಇಂಜಿನ್ ಇಳಿಸು, ಹೆಡ್ ಬಿಚ್ಚು, ಬೋರ್ ಮಾಡಿಸು. ‘ಇಂಜಿನ್ ಬೋರಿಗೆ ಬಂದಿದೆ’ ಅಂದರೆ ಸಿಲಿಂಡರ್ ಸವೆದಿದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ನಾನು ತಡವರಿಸುತ್ತಿರುವುದು ಕ್ಲಿಯರೆನ್ಸ್ ಹತ್ತಿರ, ಅಂದರೆ ಭಾಗಗಳ ನಡುವೆ ಬಿಡುವ ಜಾಗ. ಇಂಜಿನ್ ಕಟ್ಟುವ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ ಅಲ್ವಾ? 350ರ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 4 ಇಂಚು. ಸವೆದಿದ್ದರೆ ಸಾಮಾನ್ಯವಾಗಿ 4.030ಕ್ಕೆ ದೊಡ್ಡದು ಮಾಡಿಸುತ್ತಾರೆ. ಆಗ ಪಿಸ್ಟನ್ನಿಗೆ ತೊಡಿಸುವ, ಒಂದು ಕಡೆ ಸೀಳಿರುವ ರಿಂಗಿನ ಎರಡು ತುದಿಗಳ ನಡುವೆ ಸುಮಾರು 0.016 ಇಂಚು ಬಿಡಬೇಕು, ಬೋರಿನ ಒಂದೊಂದು ಇಂಚಿಗೆ 0.004ರ ಲೆಕ್ಕದಲ್ಲಿ. ಬಿಡದೆ ಹೋದರೆ ಬಿಸಿಗೆ ರಿಂಗ್ ಹಿಗ್ಗಿ, ತುದಿಗಳು ಒಂದಕ್ಕೊಂದು ಒತ್ತಿ, ಸಿಲಿಂಡರನ್ನೇ ಗೀರಿಹಾಕುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಬೇರಿಂಗಿನಲ್ಲೂ ಹೆಚ್ಚುಕಮ್ಮಿ 0.002 ಇಂಚು ಜಾಗ ಬೇಕು, ಆಯಿಲ್ ಪೊರೆ ನಿಲ್ಲುವುದೇ ಅಲ್ಲಿ.

ಇದಕ್ಕೆ ‘ಸಂದು’ ಅನ್ನಬೇಕು ಅಂತ ನನಗೆ ಆಸೆ. ಆದರೆ ಸಂದು ಅಂದರೆ ಕೀಲು ಅಂತಲೂ ಇದೆ, ಸಂದುನೋವು ಅನ್ನುತ್ತೇವಲ್ಲ. ಇಂಜಿನ್ನಿನಲ್ಲಿ ಕೀಲೂ ಇದೆ, ಬಿರುಕಿನಂಥ ಜಾಗವೂ ಇದೆ, ಓದುವವರು ಗೊಂದಲಕ್ಕೆ ಬೀಳಬಹುದು. ‘ಎಡೆ’ ಅಂದರೆ ದೇವರ ಎಡೆ ನೆನಪಾಗುತ್ತದೆ. ‘ತೆರಪು’ ಚೆನ್ನಾಗಿದೆ, ಇವತ್ತಿನ ಹುಡುಗರಿಗೆ ಗೊತ್ತಿದೆಯಾ? ಇನ್ನೂ ಒಂದು ತೊಡಕು. ಬೇಕು ಅಂತಲೇ ಬಿಟ್ಟ ಜಾಗ ಬೇರೆ, ಸವೆದು ಆದ ಜಾಗ ಬೇರೆ. ಎರಡನೆಯದಕ್ಕೆ ‘ಆಟ’ ಅನ್ನೋಣ, ಭಾಗ ಅಲ್ಲಾಡಿದರೆ ‘ಆಡುತ್ತಿದೆ’ ಅನ್ನುವ ಮಾತು ಹೇಗೂ ಇದೆ. ಮೊದಲನೆಯದು ಸಂದೋ ತೆರಪೋ, ನೀವೇ ಹೇಳಿ. ನನ್ನ ಒಲವು ಈಗಲೂ ಸಂದಿನ ಕಡೆಗೇ.

ಟ್ಯೂನಿಂಗ್‌ಗೆ ‘ಶ್ರುತಿ ಮಾಡುವುದು’ ಅಂತ ಕೆಲವರು ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಶ್ರುತಿ ಒಮ್ಮೆ ಹಿಡಿದರೆ ಕಚೇರಿ ಮುಗಿಯುವ ತನಕ ಅದೇ. ಇಂಜಿನ್ನಿನಲ್ಲಿ ವೇಗ ಏರಿದಂತೆ, ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ತೂಕಗಳು ಹೊರಕ್ಕೆ ಸರಿದು ಕಿಡಿಯನ್ನು ಮುಂಚೆ ಮುಂಚೆ ಹಾರಿಸುತ್ತವೆ. ಹಳೇ ಹೆಡ್ ಇರುವ 350ರಲ್ಲಿ ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ ಕಿಡಿ ಒಟ್ಟು 34ರಿಂದ 36 ಡಿಗ್ರಿ ಮುಂಚೆ ಹಾರುವುದು ಸಾಮಾನ್ಯ, ಜಾಸ್ತಿಯಾದರೆ ಇಂಜಿನ್ ಟಕಟಕ ಅನ್ನುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಕೂಡ ಅಷ್ಟೇ, ತಣ್ಣಗಿರುವಾಗ ಪೆಟ್ರೋಲ್ ಜಾಸ್ತಿ ಬೇಕು, ಬಿಸಿಯಾದಾಗ ಕಮ್ಮಿ. ಹೊತ್ತಿಗೆ ತಕ್ಕಂತೆ ನೋಡಿಕೊಳ್ಳುವ ಈ ಕೆಲಸಕ್ಕೆ ‘ಹದ’ ಅನ್ನುವುದೇ ಸರಿ. ಪಾಕದ ಹದ ಅಂದ ಹಾಗೆ ಕಿಡಿಯ ಹದ, ಗಾಳಿ-ಪೆಟ್ರೋಲಿನ ಹದ. ‘ಇಂಜಿನ್ ಹದಕ್ಕೆ ಬಂತು’ ಅಂತ ಸಲೀಸಾಗಿ ಹೇಳಬಹುದು.

ಕೊನೆಯದಾಗಿ, ವಾಲ್ವುಗಳನ್ನು ತೆರೆಸುವ ಹೊಸ ಕ್ಯಾಮ್‌ಶಾಫ್ಟ್ ಹಾಕಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಐಡಲ್‌ನಲ್ಲಿ ಬಿಡದೆ ಸುಮಾರು 20 ನಿಮಿಷ 2000 ಆರ್‌ಪಿಎಂ ಮೇಲೆಯೇ ಓಡಿಸಬೇಕು, ಕ್ಯಾಮ್ ಮತ್ತು ಅದರ ಮೇಲೆ ಕೂರುವ ಲಿಫ್ಟರ್ ಒಂದಕ್ಕೊಂದು ಹೊಂದಿಕೊಳ್ಳಲಿ ಅಂತ. ಇದಕ್ಕೆ ‘ಪಳಗಿಸುವುದು’ ಅಂತ ಬರೆದಿದ್ದೇನೆ. ನಿಮ್ಮೂರಿನ ಗ್ಯಾರೇಜು, ಲೇತ್ ಅಂಗಡಿ, ಟ್ರ್ಯಾಕ್ಟರ್ ಶೆಡ್ಡುಗಳಲ್ಲಿ ಬೇರೆ ಮಾತು ಇದ್ದರೆ ದಯವಿಟ್ಟು ತಿಳಿಸಿ, ಯಾವ ಊರಿನದು ಅಂತಲೂ ಸೇರಿಸಿ.