ಡಬ್ಬಿ ಹಾಲಿನಿಂದಲೇ ಕಫ ಆಗುದಾ? ಅನುಭವ ಉಂಟಾದವರು ಹೇಳಿ

ಮಲ್ಪೆಯಿಂದ: ಮಗುವಿಗೆ ಮೂರೂವರೆ ತಿಂಗಳು. ಹಾಲು ಸಾಲುದಿಲ್ಲ ಅಂತ ಒಂದೂವರೆ ತಿಂಗಳಲ್ಲೇ ಬಾಟಲಿ ಹಿಡಿಸಿದೆ. ಈ ಮಳೆಗಾಲದಲ್ಲಿ ಎರಡು ಸಲ ಕಫ ಕಟ್ಟಿ ಆಸ್ಪತ್ರೆಗೆ ಹೋಗಿ ಬಂದಾಯಿತು. ಡಬ್ಬಿ ಹಾಲಿನಿಂದಲೇ ಅಂತ ಅತ್ತೆ ಹೇಳ್ತಾರೆ. ಹೌದಾ? ಇನ್ನು ಎದೆಹಾಲಿಗೆ ತರಲಿಕ್ಕೆ ಆಗ್ತದಾ?

ಬ್ರಹ್ಮಾವರದಿಂದ, ಇಬ್ಬರು ಮಕ್ಕಳ ಅಮ್ಮ: ತಂಗಿ, ಆಗ್ತದೆ. ನನ್ನ ದೊಡ್ಡವನದ್ದೂ ಇದೇ ಕತೆ. ಬಾಟಲಿಯಲ್ಲಿ ಹಾಲು ಸಲೀಸಾಗಿ ಬರುವುದರಿಂದ ಎದೆಗೆ ಹಿಡಿದರೆ ಮುಖ ತಿರುಗಿಸುತ್ತಿದ್ದ. ಅವನು ಚೀಪದೆ ನನ್ನ ಹಾಲೂ ಬತ್ತುತ್ತಾ ಬಂತು. ಒಬ್ಬರು ನರ್ಸಮ್ಮ ಬಾಟಲಿ ತೆಗೆದಿಡಿಸಿದರು. ಪ್ರತಿ ಸಲ ಮೊದಲು ಎದೆಗೆ, ಸಾಲದಿದ್ದರೆ ಡಬ್ಬಿ ಹಾಲು ಒಳಲೆಯಲ್ಲಿ, ರಾತ್ರಿಯದ್ದು ಮಾತ್ರ ತಪ್ಪಿಸಲೇಬಾರದು ಅಂದರು. ಮೂರು ವಾರ ಹಿಡಿಯಿತು. ಡಬ್ಬಿ ಪೂರ್ತಿ ಬಿಡಲಿಲ್ಲ, ಅರ್ಧಕ್ಕೆ ಇಳಿಯಿತು. ಆ ಅರ್ಧವೂ ದೊಡ್ಡದೇ.

ಅತ್ತೆಯವರ ಮಾತಿನಲ್ಲಿ ಸ್ವಲ್ಪ ಸತ್ಯ ಉಂಟು. ಡಬ್ಬಿ ಹಾಲು ಕಫ ಹುಟ್ಟಿಸುವುದಿಲ್ಲ, ಅದನ್ನು ತರುವುದು ಹೆಚ್ಚಾಗಿ ವೈರಸ್. ಆದರೆ ಮನೆಯಲ್ಲಿ ಯಾರಿಗೋ ಶೀತ ಆದಾಗ ತಾಯಿಯ ಮೈ ಅದಕ್ಕೆ ಪ್ರತಿಕಾಯ ತಯಾರಿಸಿ ಹಾಲಿನಲ್ಲಿ ಕಳಿಸ್ತದೆ, ಅದು ಮಗುವಿನ ಬಾಯಿ, ಗಂಟಲಿಗೆ ಲೇಪದ ಹಾಗೆ ಅಂಟಿಕೊಳ್ತದೆ. ಡಬ್ಬಿಯಲ್ಲಿ ಅದಿಲ್ಲ. ಹಾಗಾಗಿ ನಿಮಗೇ ಶೀತ ಆದರೂ ಹಾಲು ನಿಲ್ಲಿಸಬೇಡಿ. ಎದೆಹಾಲಿನಿಂದ ಉಸಿರಾಟದ ಸೋಂಕುಗಳಲ್ಲಿ ಮೂರರಲ್ಲೊಂದನ್ನು ತಡೆಯಬಹುದು ಎಂದು 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಲೆಕ್ಕ ಕೊಟ್ಟಿತ್ತು. ಉಳಿದ ಎರಡು ಬರಬಹುದು ಅಂತಲೂ ಆಯಿತಲ್ಲ? ನನ್ನ ಚಿಕ್ಕವಳು ಬರೀ ಎದೆಹಾಲಿನ ಮಗು, ಅವಳಿಗೂ ಶೀತ ಬಂದಿದೆ. ಆಸ್ಪತ್ರೆ ಸೇರುವಷ್ಟು ಆಗಲಿಲ್ಲ, ಅಷ್ಟೇ.

ಆದರೆ ಎಲ್ಲವೂ ಹಾಲಿನ ಮಹಿಮೆ ಅಂತ ನಾನು ಹೇಳುವುದಿಲ್ಲ. ದೊಡ್ಡವನ ಬಾಣಂತನ ಆದದ್ದು ಬಚ್ಚಲಿಗೆ ತಾಗಿದ ಕೋಣೆಯಲ್ಲಿ. ದಿನಾ ಹಂಡೆಗೆ ತೆಂಗಿನ ಸಿಪ್ಪೆಯ ಬೆಂಕಿ. ಮಳೆಗಾಲದ ಒದ್ದೆ ಸಿಪ್ಪೆ, ಉರಿಗಿಂತ ಹೊಗೆಯೇ ಜಾಸ್ತಿ. ಸ್ನಾನ ಆದ ಮೇಲೆ ಸಾಂಬ್ರಾಣಿ ಬೇರೆ. ಎತ್ತಿಕೊಂಡು ಮೂಸಿದರೆ ಮಗುವಿನ ತಲೆಯಲ್ಲಿ ಎಣ್ಣೆಯ ವಾಸನೆ ಅಲ್ಲ, ಹೊಗೆಯದ್ದು. ಚಿಕ್ಕವಳ ಹೊತ್ತಿಗೆ ಅಮ್ಮನ ಹತ್ತಿರ ಜಗಳ ಮಾಡಿ ಕೋಣೆ ಬದಲಿಸಿದೆ, ಸಾಂಬ್ರಾಣಿ ನಿಲ್ಲಿಸಿದೆ. ನಿಮ್ಮಲ್ಲಿ ಹೇಗೆ, ನೋಡಿ.

ಕುಲಶೇಖರದಿಂದ: ಕ್ಯಾನ್ಸರ್ ಚಿಕಿತ್ಸೆ ನಡೀತಿದ್ದ ಕಾರಣ ನನಗೆ ಹಾಲು ಕೊಡಲಿಕ್ಕೇ ಆಗಲಿಲ್ಲ. ಡಬ್ಬಿ ಹಾಲಲ್ಲೇ ಬೆಳೆದ ಮಗ ಈಗ ಒಂದನೇ ಕ್ಲಾಸ್. ದಯವಿಟ್ಟು ಅಳುತ್ತಾ ಕೂರಬೇಡಿ. ಕುದಿಸಿದ ನೀರು ಬಿಸಿ ಇರುವಾಗಲೇ ಪೌಡರ್ ಕಲಸಿ, ಆರಿಸಿ ಕೊಡಿ. ಎರಡು ಗಂಟೆ ದಾಟಿದ್ದನ್ನು ಚೆಲ್ಲಿ. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಕಿವಿಯ ಕಡೆಗೆ ಹೋಗಿ ಸೋಂಕಾಗಬಹುದು, ತಲೆ ಎತ್ತರಿಸಿ ಹಿಡಿಯಿರಿ. ನ್ಯುಮೋನಿಯಾದ ಪಿಸಿವಿ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 6 ವಾರ, 14 ವಾರ, 9 ತಿಂಗಳು. ನಿಮ್ಮದು ಎರಡನೇದು ಆಗಿದೆಯಾ, ಕಾರ್ಡ್ ನೋಡಿ.

ಬ್ರಹ್ಮಾವರದಿಂದ: ಒಂದು ಮರೆತೆ. ಮಗು ಸುಮ್ಮನೆ ಇರುವಾಗ ಅಂಗಿ ಎತ್ತಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಈ ಪ್ರಾಯಕ್ಕೆ 50 ಅಥವಾ ಹೆಚ್ಚಿದ್ದರೆ, ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಕುಡಿಯಲಿಕ್ಕೆ ಕೇಳದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ಹೊರಡಿ.

ಮಲ್ಪೆಯಿಂದ: ಅಕ್ಕ, ಮಲಗಿದ್ದಾನೆ. ಈಗಷ್ಟೇ ಎಣಿಸಿದೆ, 38. ನಮ್ಮದೂ ಬಚ್ಚಲಿಗೆ ತಾಗಿದ ಕೋಣೆಯೇ. ತೊಟ್ಟಿಲು ಇವತ್ತೇ ಚಾವಡಿಗೆ ತಂದು ಕಟ್ಟಿಸುತ್ತೇನೆ.