ಡಿಲೇ ಡಿಸ್ಕೌಂಟಿಂಗ್‌ಗೆ ಕನ್ನಡದಲ್ಲಿ ಏನನ್ನೋಣ? ಇಂಪಲ್ಸಿವ್ ಚಾಯ್ಸ್‌ಗೆ ‘ದುಡುಕು’ ಸರಿಹೋಗುತ್ತಾ?

ಗೆಳೆಯರೇ,

ಗಾಂಜಾ ಚಟದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಸೇದುವವರು ಆಯ್ಕೆ ಮಾಡುವ ರೀತಿಯನ್ನು ಬಿಹೇವಿಯರಲ್ ಎಕನಾಮಿಕ್ಸ್ (ಮನಶ್ಶಾಸ್ತ್ರ ಬೆರೆತ ಅರ್ಥಶಾಸ್ತ್ರ) ಹೇಗೆ ಅಳೆಯುತ್ತದೆ ಅನ್ನುವುದು ಅದರ ವಿಷಯ. ಇಂಪಲ್ಸಿವ್ ಚಾಯ್ಸ್ (ಕಾಯದೆ, ಈಗಲೇ ಸಿಗುವ ಚಿಕ್ಕದನ್ನು ಆರಿಸಿಕೊಳ್ಳುವುದು), ಡಿಲೇ ಡಿಸ್ಕೌಂಟಿಂಗ್ (ಸಿಗುವುದು ತಡವಾದಷ್ಟೂ ಅದರ ಬೆಲೆ ಮನಸ್ಸಿನಲ್ಲಿ ಇಳಿಯುವುದು) ಎಂಬ ಎರಡು ಪದಗಳ ಹತ್ತಿರ ಪೆನ್ನು ನಿಂತಿದೆ.

ಮೊದಲನೆಯದಕ್ಕೆ ಎಲ್ಲರೂ ‘ಹಠಾತ್ ಪ್ರವೃತ್ತಿ’ ಅಂತಲೋ ‘ದುಡುಕು’ ಅಂತಲೋ ಬರೆದು ಮುಂದೆ ಹೋಗುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ದುಡುಕು ಅಂದರೆ ಯೋಚಿಸದೆ ಮಾಡುವುದು, ಅಲ್ವಾ? ಆದರೆ ಇಲ್ಲಿ ಅಳೆಯುವುದು ಅದನ್ನಲ್ಲ. ಕಿರ್ಬಿ, ಪೆಟ್ರಿ, ಬಿಕೆಲ್ ಎಂಬ ಸಂಶೋಧಕರು 1999ರಲ್ಲಿ ಹೆರಾಯಿನ್ ವ್ಯಸನಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಬಳಸಿದ 27 ಪ್ರಶ್ನೆಗಳ ಪಟ್ಟಿ ಈಗಲೂ ಚಾಲ್ತಿಯಲ್ಲಿದೆ. ‘ಇವತ್ತು 54 ಡಾಲರ್ ಬೇಕೋ, 117 ದಿನ ಬಿಟ್ಟು 55 ಡಾಲರ್ ಬೇಕೋ?’ ಅಂತ ಒಂದು ಪ್ರಶ್ನೆ. ‘ಇವತ್ತು 11 ಬೇಕೋ, 7 ದಿನ ಬಿಟ್ಟು 30 ಬೇಕೋ?’ ಅಂತ ಇನ್ನೊಂದು. ಆರಾಮವಾಗಿ ಕೂತು, ಎರಡು ಸಲ ಓದಿ, ಲೆಕ್ಕ ಹಾಕಿ, ಆಮೇಲೆ 11 ಡಾಲರೇ ಸಾಕು ಅನ್ನುವವನು ಏನು ದುಡುಕಿದ? ಅವನಿಗೆ ಕಾಯುವುದು ಬೇಡ, ಅಷ್ಟೇ.

ಮನಶ್ಶಾಸ್ತ್ರದವರು ಇಂಪಲ್ಸಿವ್ ಆ್ಯಕ್ಷನ್ ಅಂತ ಬೇರೆಯೇ ಒಂದನ್ನು ಹೇಳುತ್ತಾರೆ. ಪರದೆಯ ಮೇಲೆ ‘ನಿಲ್ಲಿಸು’ ಅನ್ನುವ ಗುರುತು ಬಂದರೂ ಬೆರಳು ತಡೆಯಲಾರದೆ ಗುಂಡಿ ಒತ್ತಿಬಿಡುವುದು ಆ ಜಾತಿಯದು. ಅದಕ್ಕೆ ‘ದುಡುಕು’ ಹೇಳಿ ಮಾಡಿಸಿದ ಪದ. ಕಾಯಲಾರದೆ ಚಿಕ್ಕದನ್ನು ಆರಿಸಿಕೊಳ್ಳುವುದಕ್ಕೆ ‘ಆತುರದ ಆಯ್ಕೆ’ ಅನ್ನೋಣ ಅಂತ ನನ್ನ ಸಲಹೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಅನ್ನುವ ಗಾದೆಯ ವಾಸನೆ ಇದಕ್ಕೂ ಸ್ವಲ್ಪ ಅಂಟಿಕೊಂಡಿದೆ, ಗೊತ್ತು. ಆದರೂ ದುಡುಕಿನಷ್ಟು ಬೈಗುಳದಂತೆ ಕೇಳುವುದಿಲ್ಲ.

ನಿಜವಾದ ತಲೆನೋವು ಎರಡನೆಯದು. ‘ವಿಳಂಬ ರಿಯಾಯಿತಿ’ ಅಂತ ಯಂತ್ರಾನುವಾದ ಕೊಡುತ್ತದೆ. ತಡವಾಗಿ ಬಂದ ಗಿರಾಕಿಗೆ ಅಂಗಡಿಯವನು ಕೊಡುವ ಬಿಟ್ಟಿ ಕೊಡುಗೆ ಇದ್ದಂತಿದೆ! ‘ಸೋಡಿ’ ಅಂದರೆ ಖಾದಿ ಅಂಗಡಿಯ ಬೋರ್ಡು ನೆನಪಾಗುತ್ತದೆ. ಇಲ್ಲಿ ಯಾರೂ ಯಾರಿಗೂ ಏನೂ ಬಿಟ್ಟುಕೊಡುತ್ತಿಲ್ಲ. ಸಿಗುವುದು ತಡವಾದಷ್ಟೂ ಅದರ ಬೆಲೆ ನಮ್ಮ ಮನಸ್ಸಿನಲ್ಲಿ ತಾನಾಗಿ ಇಳಿಯುತ್ತದೆ. ಮನಶ್ಶಾಸ್ತ್ರಜ್ಞ ಮಜೂರ್ 1987ರಲ್ಲಿ ಕೊಟ್ಟ ಸೂತ್ರ ಸರಳ: ತಡವಾದ ದಿನಗಳನ್ನು ‘ಕೆ’ ಎಂಬ ಸಂಖ್ಯೆಯಿಂದ (ಇದು ಒಬ್ಬೊಬ್ಬರಿಗೆ ಒಂದೊಂದು, ಕಾಯಲಾರದವನಿಗೆ ದೊಡ್ಡದು) ಗುಣಿಸಿ, ಅದಕ್ಕೆ ಒಂದು ಕೂಡಿಸಿ, ಬಂದದ್ದರಿಂದ ಮೊತ್ತವನ್ನು ಭಾಗಿಸಬೇಕು. ಕೆ 0.01 ಇದ್ದವನಿಗೆ 100 ದಿನದ ಮೇಲೆ ಬರುವ 1000 ರೂಪಾಯಿ ಈಗಿನ 500ಕ್ಕೆ ಸಮ. ಕೆ 0.1 ಇದ್ದವನಿಗೆ ಅದೇ ದುಡ್ಡು ಸುಮಾರು 91 ರೂಪಾಯಿ. ಬೆಲೆ ಮೊದಮೊದಲು ಜೋರಾಗಿ ಬೀಳುತ್ತದೆ, ಆಮೇಲೆ ನಿಧಾನವಾಗುತ್ತದೆ. ಅಂದರೆ ಹತ್ತಿರ ಬಂದದ್ದರ ಬೆಲೆ ತಟ್ಟನೆ ಏರಿಬಿಡುತ್ತದೆ. ‘ನಾಳೆಯಿಂದ ಬಿಡ್ತೀನಿ’ ಅಂತ ಬೆಳಿಗ್ಗೆ ಪ್ರಾಮಾಣಿಕವಾಗಿಯೇ ಹೇಳಿದವನು ಸಂಜೆ ಚಿಲುಮೆ ಕೈಗೆಟುಕಿದಾಗ ಮನಸ್ಸು ಬದಲಿಸುವುದಕ್ಕೆ ಈ ವಕ್ರರೇಖೆಯೇ ಒಂದು ವಿವರಣೆ.

‘ತಡಗಡಿತ’ (ತಡ + ಕಡಿತ) ಅಂತ ಒಂದು ಪದ ಕಟ್ಟಿ ನೋಡಿದೆ. ವ್ಯಾಕರಣಕ್ಕೆ ಸರಿ, ಕಿವಿಗೆ ಗಾಡಿ ಅಲುಗಾಡಿದಂತಿದೆ. ‘ತಡದಿಂದ ಬೆಲೆ ಇಳಿಕೆ’ ಅಂದರೆ ಅರ್ಥ ತಕ್ಷಣ ಗೊತ್ತಾಗುತ್ತದೆ, ಆದರೆ ಪ್ರತಿ ಸಾಲಿನಲ್ಲೂ ಅಷ್ಟುದ್ದ ಬರೆಯುವುದು ಕಷ್ಟ.

ಪದ ಪದ ಅಂತ ಇಷ್ಟು ಯಾಕೆ ಪಟ್ಟು ಹಿಡಿದಿದ್ದೇನೆ ಅಂದರೆ, ಗಾಂಜಾ ವಿಷಯದಲ್ಲಿ ತಪ್ಪು ಪದ ತಪ್ಪು ತೀರ್ಪನ್ನೇ ಕೊಟ್ಟುಬಿಡುತ್ತದೆ. ಹೆರಾಯಿನ್, ಕೊಕೇನ್ ವ್ಯಸನಿಗಳಲ್ಲಿ ದುಡ್ಡಿನ ಈ ಬೆಲೆ ಇಳಿಕೆ ಎದ್ದು ಕಾಣುವಷ್ಟು ಜಾಸ್ತಿ. ಗಾಂಜಾ ಸೇದುವವರಲ್ಲಿ ವ್ಯತ್ಯಾಸ ಚಿಕ್ಕದು. 2010ರಲ್ಲಿ ಜಾನ್ಸನ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಅದೇ ಜನ ದುಡ್ಡಿಗಾದರೆ ಹೆಚ್ಚು ಕಾಯುತ್ತಾರೆ, ಗಾಂಜಾಕ್ಕೆ ಅಷ್ಟು ಕಾಯುವುದಿಲ್ಲ. ಅಂದರೆ ಇದು ಬರೀ ಮನುಷ್ಯನ ಸ್ವಭಾವವಲ್ಲ, ಎದುರಿಗಿರುವ ವಸ್ತುವಿಗೂ ಪಾಲಿದೆ. ‘ಗಾಂಜಾ ಸೇದುವವರು ದುಡುಕಿನವರು’ ಅಂತ ಬರೆದುಬಿಟ್ಟರೆ ಇದೆಲ್ಲ ಮುಚ್ಚಿಹೋಗುತ್ತದೆ.

ಬಿಹೇವಿಯರಲ್ ಎಕನಾಮಿಕ್ಸ್ ಬೇಡಿಕೆಯನ್ನೂ ಅಳೆಯುತ್ತದೆ, ಆ ಕಡೆ ಪದಗಳು ಸಲೀಸು. ಒಂದು ದಮ್ಮಿನ ಬೆಲೆ ಇಷ್ಟಾದರೆ ಎಷ್ಟು ದಮ್ ಎಳೆಯುತ್ತೀರಿ ಅಂತ ಕೇಳಿ, ಬೆಲೆ ಏರಿಸುತ್ತಾ ಹೋಗುವ ಪರೀಕ್ಷೆ ಇದೆ. ಪುಕ್ಕಟೆಯಾದರೆ ಎಷ್ಟು ಎಳೆಯುತ್ತಾನೋ ಅದು ‘ಬೇಡಿಕೆಯ ತೀವ್ರತೆ’. ಇನ್ನು ಬೇಡವೇ ಬೇಡ ಅನ್ನುವ ಬೆಲೆಗೆ, ಬ್ರೇಕ್‌ಪಾಯಿಂಟ್‌ಗೆ, ‘ಕೈಬಿಡುವ ಬೆಲೆ’. ಬೆಲೆ ಏರಿದರೆ ಬೇಡಿಕೆ ಎಷ್ಟು ಇಳಿಯುತ್ತದೆ ಅನ್ನುವ ಎಲಾಸ್ಟಿಸಿಟಿಗೆ ಪಿಯುಸಿ ಪುಸ್ತಕದ ‘ಸ್ಥಿತಿಸ್ಥಾಪಕತ್ವ’ ಇದೆ. ನಾಲಿಗೆ ತೊಡರಿದರೂ ಇರಲಿ, ಓದಿದವರಿಗೆ ಗೊತ್ತಿರುವ ಪದ.

ಕ್ಯಾನಬಿಸ್ (ಗಾಂಜಾ, ಚರಸ್, ಭಂಗಿ ಮೂರೂ ಬರುವ ಗಿಡ) ಅನ್ನುವುದಕ್ಕೆ ಸುಮ್ನೆ ‘ಗಾಂಜಾ’ ಅನ್ನುವುದೂ ನನಗೆ ಸಮಾಧಾನವಿಲ್ಲ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಭಂಗಿ ಹೊರಗುಳಿಯುವುದು ಹೀಗೆ. 2019ರಲ್ಲಿ ಹೊರಬಂದ ಏಮ್ಸ್ ಸಮೀಕ್ಷೆ ದೇಶದ 10ರಿಂದ 75 ವಯಸ್ಸಿನವರಲ್ಲಿ ಶೇ. 2.8ರಷ್ಟು ಜನ ಹಿಂದಿನ ಒಂದು ವರ್ಷದಲ್ಲಿ ಕ್ಯಾನಬಿಸ್ ಬಳಸಿದ್ದಾರೆ ಅನ್ನುತ್ತದೆ. ಭಂಗಿ ಬಳಸಿದವರು ಶೇ. 2, ಗಾಂಜಾ-ಚರಸ್ ಬಳಸಿದವರು ಶೇ. 1.2 (ಎರಡನ್ನೂ ಬಳಸಿದವರು ಎರಡು ಕಡೆಯೂ ಲೆಕ್ಕಕ್ಕೆ ಬರುತ್ತಾರೆ). ಎಲ್ಲವನ್ನೂ ಗಾಂಜಾ ಅಂದರೆ ಭಂಗಿ ಕುಡಿದವರೂ ಚಿಲುಮೆ ಸೇದಿದವರಾಗುತ್ತಾರೆ! ಗಿಡದ ಹೆಸರಾಗಿ ‘ಭಂಗಿ ಗಿಡ’ ಇಟ್ಟುಕೊಂಡು, ಸೇದುವುದಕ್ಕೆ ಮಾತ್ರ ಗಾಂಜಾ ಅನ್ನಬಹುದೇ?

ಬ್ಯಾಂಕು, ಹುಂಡಿ ವ್ಯವಹಾರದಲ್ಲಿದ್ದವರು ಈ ಗುಂಪಿನಲ್ಲಿ ಇದ್ದೀರಿ. ಮುಂದೆ ಬರುವ ದುಡ್ಡಿಗೆ ಇವತ್ತೇ ಕಮ್ಮಿ ಬೆಲೆ ಕಟ್ಟುವುದಕ್ಕೆ ನಿಮ್ಮ ಕಡೆ, ಅದರಲ್ಲೂ ಹುಬ್ಬಳ್ಳಿ, ಬೆಳಗಾವಿ ಪೇಟೆಯಲ್ಲಿ, ಬಾಯಿಮಾತಿನ ಪದ ಏನಾದರೂ ಇದೆಯಾ? ಚಿಕ್ಕದಾಗಿದ್ದು, ‘ಗಾಂಜಾದ’ ಅಂತ ಮೊದಲಿಗೆ ಸೇರಿಸಿದರೆ ನಗು ಬರದ ಹಾಗಿದ್ದರೆ ಸಾಕು.