ಸಹಾಯ ಬೇಕು: ಅಪ್ಪನ ಜೊತೆ ಬಾದಾಮಿ, ಐಹೊಳೆ, ಪಟ್ಟದಕಲ್ಲು
ಎಲ್ಲರಿಗೂ ನಮಸ್ಕಾರ. ಅಪ್ಪ 30 ವರ್ಷ ಕನ್ನಡ ಮೇಷ್ಟ್ರಾಗಿದ್ದರು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಎಷ್ಟೋ ಮಕ್ಕಳಿಗೆ ಪಾಠ ಮಾಡಿದ್ದಾರೆ, ಕಣ್ಣಾರೆ ನೋಡಿಲ್ಲ. ಮುಂದಿನ ತಿಂಗಳು ಕರೆದುಕೊಂಡು ಹೋಗುತ್ತಿದ್ದೇನೆ.

ನಮ್ಮಿಬ್ಬರಿಗೇ ಒಂದು ಕಾರು, ಒಬ್ಬ ಗೈಡ್ ಬೇಕು. ಹೋದ ಸಲ ಬೇರೆ ಕಡೆ ಗುಂಪಿನ ಟೂರಿನಲ್ಲಿ 20 ನಿಮಿಷಕ್ಕೇ ಬಸ್ ಹತ್ತಿಸಿಬಿಟ್ಟರು. ಅಪ್ಪ ತುಂಬಾ ಬೇಜಾರು ಮಾಡಿಕೊಂಡರು. ಕನ್ನಡದಲ್ಲಿ ನಿಧಾನವಾಗಿ ಹೇಳುವ, ಶಾಸನಗಳ ಬಗ್ಗೆ ಚೆನ್ನಾಗಿ ಗೊತ್ತಿರುವ ಗೈಡ್ ಇದ್ದರೆ ದಯವಿಟ್ಟು ತಿಳಿಸಿ. ಬಾದಾಮಿಯ ಮೂರನೇ ಗುಹೆಯಲ್ಲಿರುವ ಕ್ರಿ.ಶ. 578ರ ಚಾಲುಕ್ಯ ಮಂಗಳೇಶನ ಶಾಸನ, ಐಹೊಳೆಯ ಮೇಗುತಿ ಗುಡಿಯಲ್ಲಿರುವ ಕ್ರಿ.ಶ. 634ರ ಕವಿ ರವಿಕೀರ್ತಿಯ ಶಾಸನ, ಎರಡನ್ನೂ ನೋಡಲೇಬೇಕಂತೆ!

ಅಪ್ಪನಿಗೆ ಮಂಡಿ ನೋವು. ಮೇಗುತಿ ಗುಡ್ಡ ಬೆಳಗ್ಗೆಯೇ ಹತ್ತಿಸುವುದು ಒಳ್ಳೇದು ಅಲ್ವಾ? ಪಟ್ಟದಕಲ್ಲೂ ಸೇರಿ ಒಂದೇ ದಿನ ಸಾಕಾಗುತ್ತಾ? ಖರ್ಚು ಎಷ್ಟಾಗಬಹುದು?